ಬೋಲ್ಟ್ ಎಸೆದು ಹೆಜ್ಜೆ ಇಡಿ: ಸೈ-ಫೈ ಕಾದಂಬರಿಗಳು ಅಭಿಮಾನಿಗಳ ಕೈಯಲ್ಲಿ ಗೇಮ್ ಲೆವೆಲ್ ಆಗೋದು ಹೇಗೆ?

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.



ಇವತ್ತು ಒಂದು ಬೋಲ್ಟ್‌ನಿಂದ ಶುರು ಮಾಡೋಣ. ಹೌದು, ಗ್ಯಾರೇಜಲ್ಲಿ ಬಿದ್ದಿರುತ್ತಲ್ಲ, ಅದೇ ಕಬ್ಬಿಣದ ಬೋಲ್ಟ್. 2007ರಲ್ಲಿ 'ಸ್ಟಾಕರ್: ಶ್ಯಾಡೋ ಆಫ್ ಚೆರ್ನೋಬಿಲ್' ಅನ್ನೋ ಗೇಮ್ ಬಂತು. ಅದರಲ್ಲಿ ಗನ್ ಸಿಗುತ್ತೆ, ಗುಂಡು ಸಿಗುತ್ತೆ, ಔಷಧಿ ಸಿಗುತ್ತೆ. ಅವೆಲ್ಲ ಖಾಲಿ ಆಗುತ್ತವೆ. ಬೋಲ್ಟ್ ಎಷ್ಟು ಬಳಸಿದರೂ ಖಾಲಿಯಾಗಲ್ಲ. ಅದರಿಂದ ಯಾರನ್ನೂ ಹೊಡೆಯೋಕಾಗಲ್ಲ. ಮುಂದಿರೋ ಖಾಲಿ ಜಾಗಕ್ಕೆ ಎಸೀಬೇಕು, ಅಷ್ಟೇ. ಅದು ನೆಟ್ಟಗೆ ಹೋಗಿ ಬಿದ್ದರೆ ದಾರಿ ಸರಿ ಇದೆ ಅಂತ. ಗಾಳಿಯಲ್ಲೇ ಏನೋ ಅದನ್ನು ಹಿಡಿದು ಚಿಮ್ಮಿಸಿದರೆ, ಅಲ್ಲಿ ನೀವು ಕಾಲಿಟ್ಟರೆ ಕಥೆ ಮುಗೀತು ಅಂತ.

ಈ ಐಡಿಯಾ ಯಾವುದೋ ಗೇಮ್ ಸ್ಟುಡಿಯೋದ ಮೀಟಿಂಗ್‌ನಲ್ಲಿ ಹುಟ್ಟಿದ್ದಲ್ಲ. ಅದಕ್ಕೂ 35 ವರ್ಷ ಮುಂಚೆ ಬಂದ ಒಂದು ಕಾದಂಬರಿಯಿಂದ ಬಂದಿದ್ದು. ಆಮೇಲೆ ಆ ಗೇಮ್ ಮಾಡಿದ ಕಂಪನಿ ಸುಮ್ಮನಾದಾಗ, ಆ ಜಗತ್ತನ್ನು ವರ್ಷಗಟ್ಟಲೆ ಉಳಿಸಿಕೊಂಡು ಬಂದವರು ಸಂಬಳವಿಲ್ಲದೆ ಕೆಲಸ ಮಾಡಿದ ಅಭಿಮಾನಿಗಳು.

ಇವತ್ತಿನ ಸಂಚಿಕೆ ಅವರ ಬಗ್ಗೆ. ಓದಿದ ಪುಸ್ತಕವನ್ನು ಆಡೋ ಜಾಗವಾಗಿ ಮಾಡೋದು ಹೇಗೆ? ಹಾಗೆ ಮಾಡಿದ ಲೆವೆಲ್ ಯಾರ ಸ್ವತ್ತು? ನೀವೇ ಒಂದು ಮಾಡಬೇಕು ಅಂದ್ರೆ ಏನು ತಿಳಿದಿರಬೇಕು? ಬನ್ನಿ.

ಮೊದಲು, ಈ ಬಾಗಿಲು ತೆರೆದಿದ್ದು ಯಾವಾಗ?

ಲೆವೆಲ್ ಅಂದ್ರೆ ನಿಮಗೆ ಗೊತ್ತೇ ಇದೆ. ಆಟದ ಒಂದು ಹಂತ. ಆದರೆ ಮಾಡುವವರ ಕಣ್ಣಲ್ಲಿ ಅದೊಂದು ಜಾಗ. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಬೆಳಕು ಎಷ್ಟು, ಶತ್ರು ಎಲ್ಲಿ ನಿಂತಿದ್ದಾನೆ, ಬೀಗದ ಕೈ ಎಲ್ಲಿದೆ. ಇದೆಲ್ಲ ಸೇರಿದರೆ ಒಂದು ಲೆವೆಲ್. ಆ ಗೋಡೆಯನ್ನು ಪರದೆ ಮೇಲೆ ತೋರಿಸೋದು, ಗುಂಡು ತಗುಲಿತಾ ಅಂತ ಲೆಕ್ಕ ಹಾಕೋದು, ಇವೆಲ್ಲ ಎಂಜಿನ್ ಕೆಲಸ.

1993ರ ಡಿಸೆಂಬರ್ 10ರಂದು ಅಮೆರಿಕದ ಇಡ್ ಸಾಫ್ಟ್‌ವೇರ್ 'ಡೂಮ್' ಬಿಡುಗಡೆ ಮಾಡಿತು. ಅದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಎಂಜಿನ್ನನ್ನೂ ಲೆವೆಲ್‌ಗಳನ್ನೂ ಬೇರೆ ಬೇರೆ ಫೈಲ್‌ಗಳಲ್ಲಿ ಇಟ್ಟಿದ್ದರು. ಲೆವೆಲ್, ಚಿತ್ರ, ಸದ್ದು ಎಲ್ಲವೂ ವ್ಯಾಡ್ ಎಂಬ ಒಂದು ಫೈಲ್‌ನಲ್ಲಿ. 'ಡೇಟಾ ಎಲ್ಲ ಎಲ್ಲಿದೆ' ಅನ್ನೋ ಇಂಗ್ಲಿಷ್ ಪ್ರಶ್ನೆಯ ಮೊದಲಕ್ಷರಗಳೇ ಈ ಹೆಸರು. ಮನೆಯ ಗೋಡೆ ಒಡೆಯದೆ ಒಳಗಿನ ಸಾಮಾನು ಬದಲಾಯಿಸಿದ ಹಾಗೆ, ಮೂಲ ಆಟವನ್ನು ಮುಟ್ಟದೆಯೇ ಹೊಸ ವ್ಯಾಡ್ ಹಾಕಿ ಹೊಸ ಜಾಗದಲ್ಲಿ ಆಡಬಹುದಿತ್ತು. ಕೆಲವೇ ತಿಂಗಳಲ್ಲಿ ಅಭಿಮಾನಿಗಳೇ ಲೆವೆಲ್ ಎಡಿಟರ್ ಬರೆದುಕೊಂಡರು. 1997ರಲ್ಲಿ ಇಡ್ ಕಂಪನಿ ಎಂಜಿನ್‌ನ ಕೋಡನ್ನೂ ಬಹಿರಂಗ ಮಾಡಿತು. 30 ವರ್ಷ ದಾಟಿದರೂ ಇವತ್ತಿಗೂ ಡೂಮ್‌ಗೆ ಹೊಸ ಲೆವೆಲ್‌ಗಳು ಬರ್ತಾನೇ ಇವೆ.

ಹೀಗೆ ಅಭಿಮಾನಿಗಳು ಮಾಡೋ ಬದಲಾವಣೆಗೆ 'ಮಾಡ್' ಅಂತ ಹೆಸರು. ಕೆಲವರು ಬರೀ ಕಷ್ಟದ ಲೆವೆಲ್ ಮಾಡಿದರು. ಕೆಲವರು ತಮ್ಮ ಕಾಲೇಜು, ಆಫೀಸು, ಮನೆಯನ್ನೇ ಲೆವೆಲ್ ಮಾಡಿದರು. ಇನ್ನು ಕೆಲವರು ತಾವು ಓದಿದ ಪುಸ್ತಕದೊಳಗೆ ಹೋಗಬೇಕು ಅಂದುಕೊಂಡರು.

ಪಿಕ್ನಿಕ್ ಮುಗಿಸಿ ಹೋದವರು

ಈಗ ಬೋಲ್ಟ್ ಕಥೆಗೆ ಬರೋಣ. ಕಾದಂಬರಿಯ ಹೆಸರು 'ರೋಡ್‌ಸೈಡ್ ಪಿಕ್ನಿಕ್'. ಬರೆದವರು ಸೋವಿಯತ್ ಒಕ್ಕೂಟದ ಅರ್ಕಾದಿ ಮತ್ತು ಬೋರಿಸ್ ಸ್ಟ್ರುಗಾಟ್ಸ್ಕಿ ಎಂಬ ಅಣ್ಣ ತಮ್ಮ. ಪ್ರಕಟವಾಗಿದ್ದು 1972ರಲ್ಲಿ.

ಅನ್ಯಗ್ರಹದವರು ಭೂಮಿಗೆ ಬಂದು ಹೋಗಿದ್ದಾರೆ. ಯುದ್ಧ ಮಾಡಲಿಲ್ಲ, ಮಾತಾಡಲಿಲ್ಲ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಬಂದರು, ಹೋದರು. ಅವರು ಇಳಿದಿದ್ದ ಆರು ಜಾಗಗಳು ಮಾತ್ರ ಈಗ 'ವಲಯ'ಗಳಾಗಿವೆ. ಅಲ್ಲಿ ಭೌತಶಾಸ್ತ್ರದ ನಿಯಮಗಳೇ ತಲೆಕೆಳಗು. ಒಂದು ಕಡೆ ಗುರುತ್ವ ಎಷ್ಟು ಜಾಸ್ತಿ ಅಂದ್ರೆ ಕಾಲಿಟ್ಟವನು ಅಪ್ಪಚ್ಚಿ. ಇನ್ನೊಂದು ಕಡೆ ಮೂಳೆಯನ್ನೇ ಕರಗಿಸೋ ದ್ರವ. ಅವುಗಳ ನಡುವೆ ನಮಗೆ ಅರ್ಥವೇ ಆಗದ ವಸ್ತುಗಳು ಬಿದ್ದಿವೆ. ಅವುಗಳನ್ನು ಕದ್ದು ತಂದು ಮಾರುವವರೇ ಸ್ಟಾಕರ್‌ಗಳು.

ಶೀರ್ಷಿಕೆಯ ಅರ್ಥ ಕಾದಂಬರಿಯ ಒಬ್ಬ ವಿಜ್ಞಾನಿಯ ಬಾಯಲ್ಲಿ ಬರುತ್ತೆ. ಕಾರಲ್ಲಿ ಹೋಗೋ ಒಂದು ಗುಂಪು ರಸ್ತೆ ಪಕ್ಕ ನಿಲ್ಲಿಸಿ ತಿಂದು ಕುಡಿದು ಹೊರಟು ಹೋಗುತ್ತೆ. ಉಳಿದಿದ್ದು ಖಾಲಿ ಬಾಟಲಿ, ಎಣ್ಣೆ ಕಲೆ, ಬಿಸಾಡಿದ ಸಾಮಾನು. ಹುಲ್ಲಿನಲ್ಲಿರೋ ಇರುವೆಗಳಿಗೆ ಅದೆಲ್ಲ ಏನು ಅಂತ ಗೊತ್ತಾಗಲು ಸಾಧ್ಯವೇ? ಆ ಇರುವೆಗಳು ನಾವು.

ಕಥಾನಾಯಕ ರೆಡ್ರಿಕ್ ವಲಯದೊಳಗೆ ಹೆಜ್ಜೆ ಇಡುವ ಮುನ್ನ ಚೀಲದಿಂದ ನಟ್ ತೆಗೆದು ಎಸೆಯುತ್ತಾನೆ. ಅದು ಹೇಗೆ ಬೀಳುತ್ತೆ ನೋಡುತ್ತಾನೆ. ಆಮೇಲೆ ಮುಂದಿನ ಹೆಜ್ಜೆ. ಕಾದಂಬರಿಯಲ್ಲಿ ನಟ್, ಗೇಮ್‌ನಲ್ಲಿ ಬೋಲ್ಟ್. ನಿಯಮ ಮಾತ್ರ ಒಂದೇ.

1979ರಲ್ಲಿ ಆಂದ್ರೇ ತಾರ್ಕೋವ್‌ಸ್ಕಿ ಇದನ್ನು ಆಧರಿಸಿ 'ಸ್ಟಾಕರ್' ಸಿನಿಮಾ ಮಾಡಿದರು. 1986ರಲ್ಲಿ ಚೆರ್ನೋಬಿಲ್ ಅಣು ದುರಂತ ನಡೀತು. ಜನ ಖಾಲಿ ಮಾಡಿದ ಊರು, ಒಳಗೆ ಹೋಗಬಾರದ ವಲಯ, ಕಣ್ಣಿಗೆ ಕಾಣದ ಅಪಾಯ. ಕಾದಂಬರಿಯಲ್ಲಿದ್ದದ್ದು 14 ವರ್ಷದ ನಂತರ ನೆಲದ ಮೇಲೆ ಕಂಡ ಹಾಗಾಯ್ತು. ಆಮೇಲೆ ಆ ವಲಯಕ್ಕೆ ಕದ್ದು ನುಗ್ಗಿದ ಯುವಕರು ತಮ್ಮನ್ನು ತಾವು ಸ್ಟಾಕರ್ ಅಂತಾನೇ ಕರ್ಕೊಂಡರು.

ಉಕ್ರೇನ್‌ನ ಕೀವ್ ನಗರದ ಜಿಎಸ್‌ಸಿ ಗೇಮ್ ವರ್ಲ್ಡ್ ಈ ಎರಡನ್ನೂ ಜೋಡಿಸಿತು. ಕಾದಂಬರಿಯ ವಲಯವನ್ನು ತಂದು ನಿಜವಾದ ಚೆರ್ನೋಬಿಲ್ ಮೇಲೆ ಕೂರಿಸಿತು. ಆದ್ದರಿಂದ ಇದು ಪುಸ್ತಕದ ನೇರ ರೂಪಾಂತರ ಅಲ್ಲ. ರೆಡ್ರಿಕ್ ಇಲ್ಲ, ಅವನ ಊರಿಲ್ಲ, ಅನ್ಯಗ್ರಹದವರೂ ಇಲ್ಲ. ಉಳಿದಿದ್ದು ವಲಯ, ಅದರೊಳಗಿನ ವಿಚಿತ್ರ ವಸ್ತುಗಳು, ಮತ್ತೆ ಆ ಎಸೆಯುವ ಕೈ.

ಕಂಪನಿ ನಿಂತಿತು, ಆಟ ನಿಲ್ಲಲಿಲ್ಲ

2007, 2008, 2009. ಮೂರು ವರ್ಷದಲ್ಲಿ ಮೂರು ಗೇಮ್. ಮುಂದಿನ ದೊಡ್ಡ ಗೇಮ್ 'ಸ್ಟಾಕರ್ 2' ಬಂದಿದ್ದು 2024ರ ನವೆಂಬರ್ 20ರಂದು. ನಡುವೆ 15 ವರ್ಷ! 2011ರಲ್ಲಂತೂ ಸ್ಟುಡಿಯೋ ಬಾಗಿಲೇ ಮುಚ್ಚಿತ್ತು.

ಈ ಅವಧಿಯಲ್ಲಿ ಅಭಿಮಾನಿಗಳು ಏನು ಮಾಡಿದರು ಅನ್ನೋದೇ ಸ್ವಾರಸ್ಯ. ಮೊದಲ ಗೇಮ್ ತಯಾರಾಗಲು ತುಂಬ ವರ್ಷ ಹಿಡಿದಿತ್ತು. ಆ ದಾರಿಯಲ್ಲಿ ಎಷ್ಟೋ ಲೆವೆಲ್‌ಗಳನ್ನು ಕತ್ತರಿಸಿ ಪಕ್ಕಕ್ಕಿಟ್ಟಿದ್ದರು. ಹಳೆಯ ಫೈಲ್‌ಗಳಿಂದ ಆ ಲೆವೆಲ್‌ಗಳನ್ನು ಹುಡುಕಿ, ಮುರಿದಿದ್ದನ್ನು ಕಟ್ಟಿ, ಇಲ್ಲದ್ದನ್ನು ತಾವೇ ಮಾಡಿ, ಒಂದು ಅಭಿಮಾನಿ ತಂಡ 2014ರಲ್ಲಿ 'ಲಾಸ್ಟ್ ಆಲ್ಫಾ' ಹೊರತಂದಿತು. ಜಿಎಸ್‌ಸಿಯ ಒಪ್ಪಿಗೆಯೂ ಇತ್ತು. ಬೆಲೆ? ಸೊನ್ನೆ ರೂಪಾಯಿ.

ಆಮೇಲೆ ಬಂದಿದ್ದು 'ಕಾಲ್ ಆಫ್ ಚೆರ್ನೋಬಿಲ್'. ಮೂರೂ ಗೇಮ್‌ಗಳ ಮ್ಯಾಪ್‌ಗಳನ್ನು ಹೊಲಿದು ಒಂದೇ ದೊಡ್ಡ ವಲಯ ಮಾಡಿದರು. ಅದರ ಮೇಲೆ ಮತ್ತೊಬ್ಬರು 'ಅನಾಮಲಿ' ಕಟ್ಟಿದರು. ಅನಾಮಲಿ ಮೇಲೆ ಇನ್ನೊಬ್ಬರು 'ಗಾಮಾ' ಕಟ್ಟಿದರು. ಹಳ್ಳಿಯ ಹಳೇ ಮನೆಗೆ ಪ್ರತಿ ತಲೆಮಾರೂ ಒಂದೊಂದು ಕೋಣೆ ಸೇರಿಸಿದ ಹಾಗೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಮಾಡ್‌ಗಳು ಆಟಕ್ಕೆ ಹೊಸ ಕಥೆ ಕೊಟ್ಟವು ಅನ್ನೋದಕ್ಕಿಂತ, ಕಥೆಯ ಹಂಗನ್ನೇ ಕಡಿಮೆ ಮಾಡಿದವು. ಕಾಲ್ ಆಫ್ ಚೆರ್ನೋಬಿಲ್‌ನಲ್ಲಿ ನೀವು ಜಗತ್ತನ್ನು ಉಳಿಸಲೇಬೇಕಾದ ಹೀರೋ ಅಲ್ಲ. ವಲಯದಲ್ಲಿ ಬದುಕೋ ನೂರಾರು ಸ್ಟಾಕರ್‌ಗಳಲ್ಲಿ ಒಬ್ಬರು. ಇವತ್ತು ಸಿಕ್ಕಿದ್ದನ್ನು ಮಾರಿ ನಾಳೆಗೆ ಊಟ, ಗುಂಡು ಹೊಂದಿಸಿಕೊಳ್ಳಬೇಕು. 1972ರ ಕಾದಂಬರಿಯಲ್ಲಿ ರೆಡ್ರಿಕ್ ಬದುಕೂ ಇದೇ ಅಲ್ವಾ? ಹೆಸರು, ಊರು, ದೇಶ ಎಲ್ಲ ಬದಲಾದ ಮೇಲೂ ಅಭಿಮಾನಿಗಳ ಈ ವಲಯ ಪುಸ್ತಕಕ್ಕೆ ಇನ್ನಷ್ಟು ಹತ್ತಿರ ಬಂದಿದೆ ಅಂತ ನನಗನ್ನಿಸುತ್ತೆ.

ಕಥೆ ಬೇಡ, ನಿಯಮ ತಗೊಳ್ಳಿ

ಇವತ್ತಿನ ಸಂಚಿಕೆಯ ಮುಖ್ಯ ಮಾತು ಇದೇ. ಪುಸ್ತಕದಿಂದ ಲೆವೆಲ್ ಮಾಡಲು ಹೊರಟ ಹೆಚ್ಚಿನವರು ಮೊದಲು ಕಥೆಯನ್ನು ಹಿಡೀತಾರೆ. ಒಂದನೇ ಅಧ್ಯಾಯದ ಕೋಣೆ, ಎರಡನೇ ಅಧ್ಯಾಯದ ಬೀದಿ, ನಡುವೆ ಗೋಡೆಗೆ ಅಂಟಿಸಿದ ಉದ್ದುದ್ದ ಸಂಭಾಷಣೆ. ಆಡುವವನಿಗೆ ಅದು ವಸ್ತುಪ್ರದರ್ಶನದಲ್ಲಿ ಸಾಲಲ್ಲಿ ನಡೆದ ಹಾಗಾಗುತ್ತೆ. ನೋಡ್ತಾನೆ, ಆದರೆ ಅವನು ಏನೂ ಮಾಡಲ್ಲ.

ಚೆನ್ನಾಗಿ ಬಂದ ಲೆವೆಲ್‌ಗಳು ಪುಸ್ತಕದ ಒಂದು ನಿಯಮವನ್ನು ಹಿಡಿಯುತ್ತವೆ. 'ಇಲ್ಲಿ ಕಣ್ಣನ್ನು ನಂಬಬೇಡ, ಮೊದಲು ಎಸೆದು ನೋಡು.' ಈ ಒಂದು ಸಾಲು ನಿಮ್ಮ ನಡಿಗೆಯನ್ನೇ ಬದಲಾಯಿಸುತ್ತೆ. ಯಾರೂ ವಿವರಿಸದಿದ್ದರೂ ಭಯ ತಾನಾಗಿ ಬರುತ್ತೆ.

ಇನ್ನೊಂದು ಉದಾಹರಣೆ 'ಮೆಟ್ರೋ 2033'. ರಷ್ಯಾದ ಲೇಖಕ ದ್ಮಿತ್ರಿ ಗ್ಲುಖೋವ್‌ಸ್ಕಿ 2002ರಲ್ಲಿ ಇದನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಹಾಕಿದರು. ಅಣು ಯುದ್ಧದ ನಂತರ ಮಾಸ್ಕೋ ಜನ ಮೆಟ್ರೋ ಸುರಂಗದಲ್ಲಿ ಬದುಕುತ್ತಿದ್ದಾರೆ. ಅಲ್ಲಿ ದುಡ್ಡು ಅಂದ್ರೆ ಗುಂಡು. ಬಂದೂಕಿಗೆ ಹಾಕೋ ಗುಂಡೇ ಅಂಗಡಿಯಲ್ಲಿ ಕೊಡೋ ಕಾಸು. 2010ರಲ್ಲಿ 4ಎ ಗೇಮ್ಸ್ ಇದನ್ನು ಗೇಮ್ ಮಾಡಿದಾಗ ಈ ನಿಯಮವನ್ನು ಹಾಗೇ ಉಳಿಸಿಕೊಂಡಿತು. ಒಳ್ಳೆಯ ಗುಂಡು ಹಾರಿಸಿದರೆ ನಿಮ್ಮ ಜೇಬಿನ ದುಡ್ಡನ್ನೇ ಹಾರಿಸಿದ ಹಾಗೆ. ಆ ಜಗತ್ತಿನ ಬಡತನ ಹೇಗಿದೆ ಅಂತ ಹೇಳೋಕೆ ಬೇರೆ ಭಾಷಣ ಬೇಕೇ?

ಮೂರನೇ ಉದಾಹರಣೆ ಸೈ-ಫೈ ಅಲ್ಲ, ಹಾರರ್ ಕಾದಂಬರಿಯದ್ದು. ಆದರೆ ಈ ವಿಷಯಕ್ಕೆ ಇದಕ್ಕಿಂತ ಒಳ್ಳೆ ಪಾಠ ಸಿಗೋದು ಕಷ್ಟ. ಮಾರ್ಕ್ ಡೇನಿಯಲೆವ್‌ಸ್ಕಿ 2000ದಲ್ಲಿ 'ಹೌಸ್ ಆಫ್ ಲೀವ್ಸ್' ಬರೆದರು. ಅದರಲ್ಲಿ ಒಂದು ಮನೆ. ಅಳತೆ ಹಿಡಿದು ನೋಡಿದರೆ ಹೊರಗಿಗಿಂತ ಒಳಗೆ ಕಾಲು ಇಂಚು ದೊಡ್ಡದಿದೆ. ಅಲ್ಲಿಂದ ಶುರುವಾಗೋ ಭಯ ಬೆಳೀತಾ ಹೋಗುತ್ತೆ.

2023ರಲ್ಲಿ ಡೂಮ್ 2ಕ್ಕೆ 'ಮೈಹೌಸ್' ಎಂಬ ಅಭಿಮಾನಿ ಲೆವೆಲ್ ಬಂತು. ನೋಡೋಕೆ ಸಾದಾ ಮನೆ. ತೀರಿಹೋದ ಗೆಳೆಯನ ಹಳೇ ಫ್ಲಾಪಿಯಲ್ಲಿದ್ದ ಮ್ಯಾಪ್ ಇದು ಅನ್ನೋ ಕಥೆಯನ್ನೂ ಜೊತೆಗಿಟ್ಟಿದ್ದರು. ಆಡ್ತಾ ಹೋದ ಹಾಗೆ ಮನೆ ಬದಲಾಗುತ್ತೆ. ಇದ್ದ ಬಾಗಿಲು ಇರಲ್ಲ, ಇಲ್ಲದ ಕೋಣೆ ಇರುತ್ತೆ. ಪುಸ್ತಕದ ಪಾತ್ರಗಳನ್ನೋ ಕಥೆಯನ್ನೋ ಅದು ಪುನಃ ಹೇಳಲಿಲ್ಲ. ಮನೆಯನ್ನು ನಂಬೋಕಾಗಲ್ಲ ಅನ್ನೋ ನಿಯಮವನ್ನು ಮಾತ್ರ ತಗೊಂಡಿತು.

ಇದರ ತಂತ್ರ ಕೇಳಿ, ಮಜಾ ಇದೆ. ಹಳೇ ಡೂಮ್ ಎಂಜಿನ್‌ನಲ್ಲಿ ಮಹಡಿ ಮನೆ ಕಟ್ಟೋಕೇ ಆಗ್ತಿರಲಿಲ್ಲ. ಯಾಕಂದ್ರೆ ಅದರ ಮ್ಯಾಪ್ ಎಂಜಿನಿಯರ್ ಹಾಳೆ ಮೇಲೆ ಬರೆದುಕೊಡೋ ಪ್ಲ್ಯಾನ್ ಥರ. ಪ್ರತಿ ಕೋಣೆಗೂ ನೆಲ ಎಷ್ಟು ಎತ್ತರ, ಚಾವಣಿ ಎಷ್ಟು ಎತ್ತರ ಅಂತ ಒಂದೊಂದು ಸಂಖ್ಯೆ. ಒಂದು ಕೋಣೆಯ ನೆತ್ತಿ ಮೇಲೆ ಇನ್ನೊಂದು ಕೋಣೆ ಇಡೋಕೆ ಜಾಗವೇ ಇಲ್ಲ. ಅಭಿಮಾನಿಗಳು ಸುಧಾರಿಸಿದ ಜಿಝಡ್‌ಡೂಮ್ ಎಂಬ ಎಂಜಿನ್‌ನಲ್ಲಿ ಪೋರ್ಟಲ್ ಹಾಕಬಹುದು. ಮ್ಯಾಪ್‌ನ ಬೇರೆ ಮೂಲೆಯಲ್ಲಿರೋ ಜಾಗಕ್ಕೆ ನಿಮಗೆ ತಿಳಿಯದ ಹಾಗೆ ದಾಟಿಸೋ ಬಾಗಿಲು ಅದು. ನೀವು ಮೆಟ್ಟಿಲು ಹತ್ತಿದೆ ಅಂದುಕೊಳ್ತೀರಿ, ಎಂಜಿನ್ ನಿಮ್ಮನ್ನು ಎತ್ತಿ ಇನ್ನೆಲ್ಲೋ ಇಟ್ಟಿರುತ್ತೆ. ಒಳಗೆ ದೊಡ್ಡದಾಗುತ್ತಾ ಹೋಗೋ ಮನೆಗೆ ಇದಕ್ಕಿಂತ ಸರಿಯಾದ ಸಾಧನ ಬೇಕಾ? ಡೂಮ್ ಅಭಿಮಾನಿಗಳು ಪ್ರತಿವರ್ಷ ಕೊಡೋ ಕ್ಯಾಕೊವಾರ್ಡ್ ಪ್ರಶಸ್ತಿಯೂ ಆ ವರ್ಷ ಇದಕ್ಕೆ ಬಂತು.

ಬಾಗಿಲಿಗೆ ಬೀಗವೂ ಬೀಳುತ್ತೆ

ಇಲ್ಲಿವರೆಗೆ ಹಬ್ಬ. ಇನ್ನು ಲೆಕ್ಕಾಚಾರ.

ಅಭಿಮಾನಿಯ ಲೆವೆಲ್ ಇಬ್ಬರ ಅನುಮತಿ ಮೇಲೆ ನಿಂತಿರುತ್ತೆ. ಒಂದು, ಪುಸ್ತಕದ ಹಕ್ಕುದಾರರು. ಎರಡು, ಗೇಮ್ ಕಂಪನಿ. ಇಬ್ಬರಲ್ಲಿ ಯಾರು ಮನಸ್ಸು ಬದಲಾಯಿಸಿದರೂ ನಿಮ್ಮ ತಿಂಗಳುಗಳ ಕೆಲಸ ಒಂದು ನೋಟಿಸ್‌ಗೆ ಮಾಯ ಆಗಬಹುದು.

ಫ್ರಾಂಕ್ ಹರ್ಬರ್ಟ್ ಅವರ 1965ರ ಕಾದಂಬರಿ 'ಡ್ಯೂನ್' ನೋಡಿ. ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಜಗತ್ತಿನಲ್ಲಿ ಅಭಿಮಾನಿಗಳು ಆ ಮರುಭೂಮಿ ಗ್ರಹ ಕಟ್ಟಿಕೊಂಡು ಪಾತ್ರ ವಹಿಸಿ ಆಡ್ತಿದ್ದರು. 2009ರಲ್ಲಿ ಹರ್ಬರ್ಟ್ ಕೃತಿಗಳ ಹಕ್ಕು ನೋಡಿಕೊಳ್ಳುವವರ ಕಡೆಯಿಂದ ಕಾನೂನು ನೋಟಿಸ್ ಬಂತು. ಡ್ಯೂನ್‌ನ ಹೆಸರು, ಕುರುಹುಗಳನ್ನು ತೆಗೆದುಹಾಕಬೇಕಾಯಿತು. ಅದೇ ಡ್ಯೂನ್ ಆಧರಿಸಿದ 1998ರ ಗೇಮ್ 'ಡ್ಯೂನ್ 2000'. ಓಪನ್‌ಆರ್‌ಎ ಎಂಬ ಅಭಿಮಾನಿಗಳ ಎಂಜಿನ್‌ನಲ್ಲಿ ಇವತ್ತಿಗೂ ಅದನ್ನು ಆಡಬಹುದು, ಹೊಸ ಮರಳು ಮ್ಯಾಪ್ ಬರೀಬಹುದು. ಒಂದೇ ಪುಸ್ತಕ, ಒಂದು ಬಾಗಿಲು ಮುಚ್ಚಿದೆ, ಇನ್ನೊಂದು ತೆರೆದಿದೆ. ಇದನ್ನು ಮೊದಲೇ ಊಹಿಸೋದು ಯಾರಿಗೂ ಸುಲಭ ಅಲ್ಲ.

ಇದು ಹೊಸ ಕಾಯಿಲೆಯೂ ಅಲ್ಲ. 1997ರಲ್ಲಿ 'ಏಲಿಯನ್' ಸಿನಿಮಾಗಳನ್ನು ಆಧರಿಸಿದ ಕ್ವೇಕ್ ಮಾಡ್ ಒಂದನ್ನು ಫಾಕ್ಸ್ ಕಂಪನಿ ನಿಲ್ಲಿಸಿತು. ಅಲ್ಲಿಂದ ಗೇಮರ್‌ಗಳ ಬಾಯಲ್ಲಿ 'ಫಾಕ್ಸ್ ಆಯ್ತು' ಅನ್ನೋ ಅರ್ಥದ ಪದವೇ ಹುಟ್ಟಿಕೊಂಡಿತು.

ಗೇಮ್ ಕಂಪನಿಗಳ ಕಡೆಯಿಂದಲೂ ಹೀಗೇ. ವಾರ್‌ಕ್ರಾಫ್ಟ್ 3 ಆಟದೊಳಗೆ ಅಭಿಮಾನಿಗಳು 2003ರಲ್ಲಿ ಮಾಡಿದ ಮ್ಯಾಪ್ 'ಡೋಟಾ'. ಅದು ಬೆಳೆದು ಒಂದು ಇಡೀ ಆಟದ ಪ್ರಕಾರವೇ ಆಯ್ತು. ಹಣ ಮಾಡಿದ್ದು ಬೇರೆ ಕಂಪನಿಗಳು. 2020ರಲ್ಲಿ ವಾರ್‌ಕ್ರಾಫ್ಟ್ 3ರ ಹೊಸ ಆವೃತ್ತಿ ಬಂದಾಗ ಬ್ಲಿಜಾರ್ಡ್ ತನ್ನ ಷರತ್ತಿನಲ್ಲಿ ಸ್ಪಷ್ಟವಾಗಿ ಬರೆಯಿತು: ನಮ್ಮ ಆಟದಲ್ಲಿ ನೀವು ಮಾಡಿದ ಕಸ್ಟಮ್ ಗೇಮ್ ನಮ್ಮದು. 'ಐ ಅಗ್ರೀ' ಅಂತ ಕಣ್ಮುಚ್ಚಿ ಒತ್ತುತ್ತೀವಲ್ಲ, ಅದರೊಳಗೆ ಇಂಥವೂ ಇರುತ್ತವೆ.

ತೆರೆದ ಬಾಗಿಲ ಉದಾಹರಣೆಯೂ ಇದೆ. ಗ್ಲುಖೋವ್‌ಸ್ಕಿ ತಮ್ಮ ಮೆಟ್ರೋ ಜಗತ್ತಿನಲ್ಲಿ ಬೇರೆ ಲೇಖಕರೂ ಕಾದಂಬರಿ ಬರೆಯಲಿ ಅಂತ ಒಂದು ಮಾಲೆಯನ್ನೇ ಶುರು ಮಾಡಿದರು. 4ಎ ಗೇಮ್ಸ್ 2023ರಲ್ಲಿ 'ಮೆಟ್ರೋ ಎಕ್ಸೋಡಸ್' ಆಟದ ಎಡಿಟರ್ ಅನ್ನು ಉಚಿತವಾಗಿ ಕೊಟ್ಟಿತು. ಅಂದ್ರೆ ಆ ಸುರಂಗಕ್ಕೆ ನೀವೂ ಒಂದು ನಿಲ್ದಾಣ ಸೇರಿಸಬಹುದು.

ನಮ್ಮ ಕಾನೂನು ಏನು ಹೇಳುತ್ತೆ?

ಭಾರತದಲ್ಲಿ ಇದನ್ನು ನೋಡಿಕೊಳ್ಳೋದು 1957ರ ಕೃತಿಸ್ವಾಮ್ಯ ಕಾಯ್ದೆ. ಲೇಖಕರು ತೀರಿಹೋದ ವರ್ಷದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ಲೆಕ್ಕ. ಬೋರಿಸ್ ಸ್ಟ್ರುಗಾಟ್ಸ್ಕಿ ತೀರಿಕೊಂಡಿದ್ದು 2012ರಲ್ಲಿ. ಹಾಗಾಗಿ 'ರೋಡ್‌ಸೈಡ್ ಪಿಕ್ನಿಕ್' ಇಲ್ಲಿ 2072ರ ಕೊನೆವರೆಗೂ ರಕ್ಷಿತ.

ಹಾಗಾದ್ರೆ ಬೋಲ್ಟ್ ಎಸೆಯೋ ಐಡಿಯಾ ಬಳಸಿದರೆ ತಪ್ಪಾ? ಇಲ್ಲೊಂದು ಹಳೇ ತೀರ್ಪು ನೆರವಿಗೆ ಬರುತ್ತೆ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು ಕದ್ದು 'ನ್ಯೂ ಡೆಲ್ಲಿ' ಸಿನಿಮಾ ಮಾಡಿದ್ದಾರೆ ಅಂತ ಕೋರ್ಟಿಗೆ ಹೋಗಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕಲ್ಪನೆ, ವಸ್ತು, ಕಥೆಯ ಎಳೆ ಇವುಗಳ ಮೇಲೆ ಕೃತಿಸ್ವಾಮ್ಯ ಇಲ್ಲ. ಅದನ್ನು ಹೇಳಿದ ರೀತಿ, ಕೊಟ್ಟ ರೂಪದ ಮೇಲೆ ಮಾತ್ರ ಇದೆ. ಆನಂದ್ ಸೋತರು.

ಈಗ ಎರಡು ತುದಿ ಸೇರಿಸಿ ನೋಡಿ. ಪುಸ್ತಕದ ಪಾತ್ರ, ಸಂಭಾಷಣೆ, ದೃಶ್ಯಗಳನ್ನು ನಕಲು ಮಾಡಿದರೆ ಲೆವೆಲ್ ಪೇಲವ ಆಗುತ್ತೆ, ನೋಟಿಸ್ ಬರೋ ಅಪಾಯವೂ ಅದಕ್ಕೇ ಜಾಸ್ತಿ. ಪುಸ್ತಕದ ನಿಯಮವನ್ನು ತಗೊಂಡು ನಿಮ್ಮದೇ ಜಾಗ ಕಟ್ಟಿದರೆ ಲೆವೆಲ್ಲೂ ಜೀವಂತ, ನಿಮ್ಮ ಕಾಲ ಕೆಳಗಿನ ನೆಲವೂ ಗಟ್ಟಿ. ಒಳ್ಳೆಯ ಕಲೆ ಮತ್ತು ಜಾಗರೂಕತೆ ಒಂದೇ ದಾರಿಯಲ್ಲಿ ಸಿಗೋದು ಅಪರೂಪ. ಇಲ್ಲಿ ಸಿಗುತ್ತೆ.

ಪುಸ್ತಕವನ್ನೇ ಪೂರ್ತಿ ಬಳಸಬೇಕಾ? ಹಕ್ಕಿನ ಅವಧಿ ಮುಗಿದವು ಬೇಕಾದಷ್ಟಿವೆ. ಎಚ್.ಜಿ. ವೆಲ್ಸ್ 1946ರಲ್ಲಿ ತೀರಿಕೊಂಡರು. 'ದ ಟೈಮ್ ಮಷೀನ್', 'ದ ವಾರ್ ಆಫ್ ದ ವರ್ಲ್ಡ್ಸ್' ಎಲ್ಲರ ಸ್ವತ್ತು. ಜೂಲ್ಸ್ ವರ್ನ್ ಕೂಡ. ಆದರೆ ಎರಡು ಎಚ್ಚರಿಕೆ. ಹೊಸ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ ಇರುತ್ತೆ. ಸಿನಿಮಾದಲ್ಲಿ ನೋಡಿದ ಯಂತ್ರಗಳ ವಿನ್ಯಾಸ ಸಿನಿಮಾದವರದ್ದು. ನೀವು ಪುಸ್ತಕದ ಪದಗಳಿಂದ ನಿಮ್ಮದೇ ಯಂತ್ರ ಬಿಡಿಸಿಕೊಳ್ಳಬೇಕು.

ನಮ್ಮ ದೇಶದಿಂದಲೇ ಒಂದು ಬೇಕಾ? ಬೇಗಂ ರೊಕೆಯಾ ಅವರ 'ಸುಲ್ತಾನಾಸ್ ಡ್ರೀಮ್'. ಕಾದಂಬರಿ ಅಲ್ಲ, ಸಣ್ಣ ಕಥೆ. 1905ರಲ್ಲಿ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ ಪ್ರಕಟವಾಯ್ತು. ಅದರ ಊರಲ್ಲಿ ಹೆಂಗಸರು ಆಡಳಿತ ನಡೆಸ್ತಾರೆ, ಗಂಡಸರು ಮನೆಯೊಳಗಿರ್ತಾರೆ. ಅಡುಗೆ ಆಗೋದು ಸೂರ್ಯನ ಶಾಖದಲ್ಲಿ, ಓಡಾಟ ಗಾಳಿಯಲ್ಲಿ ಹಾರೋ ಗಾಡಿಯಲ್ಲಿ. ಶತ್ರು ಸೈನ್ಯವನ್ನು ಓಡಿಸೋದೂ ಕೂಡಿಟ್ಟ ಬಿಸಿಲನ್ನು ಅದರ ಮೇಲೆ ಹರಿಸಿಯೇ. ಕೋವಿ ಇಲ್ಲದೆ ಬಿಸಿಲಿನಿಂದ ಗೆಲ್ಲಬೇಕು. ಎಂಥ ಚೆಂದದ ಆಟದ ನಿಯಮ ನೋಡಿ! ರೊಕೆಯಾ ತೀರಿಕೊಂಡಿದ್ದು 1932ರಲ್ಲಿ, ಹಾಗಾಗಿ ಈ ಕಥೆ ಯಾರು ಬೇಕಾದರೂ ಬಳಸಬಹುದು.

'ಕನ್ನಡದ್ದು?' ಅಂತ ನೀವು ಕೇಳೇ ಕೇಳ್ತೀರಿ ಅಂತ ಗೊತ್ತು. ಬಹಳ ಜನರಿಗೆ ಮೊದಲು ನೆನಪಾಗೋದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರ ಕಾದಂಬರಿ. ಅದನ್ನು ಸೈ-ಫೈ ಅನ್ನಬೇಕೋ ಬೇಡವೋ ಅನ್ನೋ ವಾದ ಇರಲಿ, ಪಶ್ಚಿಮಘಟ್ಟದ ಕಾಡಲ್ಲಿ ಹಾರುವ ಓತಿ ಹುಡುಕಿಕೊಂಡು ಹೋಗೋದು ಲೆವೆಲ್‌ಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ತೇಜಸ್ವಿ ತೀರಿಕೊಂಡಿದ್ದು 2007ರಲ್ಲಿ. ಮಂದಣ್ಣನನ್ನೋ ಕರ್ವಾಲೊ ಅವರನ್ನೋ ನಿಮ್ಮ ಗೇಮ್‌ಗೆ ಕರೆತರಬೇಕು ಅಂದ್ರೆ 2067ರ ಕೊನೆವರೆಗೂ ಹಕ್ಕುದಾರರನ್ನು ಕೇಳಲೇಬೇಕು. ಕೇಳಿ, ಕೇಳೋದರಲ್ಲಿ ತಪ್ಪೇನಿಲ್ಲ. ಅಲ್ಲಿಯವರೆಗೆ ಅದರಿಂದ ಕಲಿಯಬಹುದಾದ ನಿಯಮವಂತೂ ಇದೆ: ಹಿಡಿಯೋಕೆ ಅಂತ ಹೊರಟಿದ್ದು ಕಣ್ಣೆದುರಿಗೇ ಹಾರಿಹೋದರೂ ಆಟ ಸೋತ ಹಾಗಲ್ಲ.

ಶುರು ಮಾಡೋದು ಎಲ್ಲಿಂದ?

ಕಂಪ್ಯೂಟರ್ ಇಲ್ಲ, ಫೋನ್ ಮಾತ್ರ ಇದೆ ಅಂದ್ರೆ ಮೈನ್‌ಕ್ರಾಫ್ಟ್‌ನ ಕ್ರಿಯೇಟಿವ್ ಮೋಡ್ ಸಾಕು. ದುಡ್ಡು ಕೊಡೋದು ಬೇಡ ಅಂದ್ರೆ ಲುವಾಂಟಿ ಇದೆ. ಮೊದಲು ಇದರ ಹೆಸರು ಮೈನ್‌ಟೆಸ್ಟ್ ಅಂತಿತ್ತು. ಮುಕ್ತ ತಂತ್ರಾಂಶ, ಆಂಡ್ರಾಯ್ಡ್‌ನಲ್ಲೂ ನಡೆಯುತ್ತೆ. ಮನೆಯಲ್ಲಿ ಹಳೇ ಕಂಪ್ಯೂಟರ್ ಇದ್ದರೆ ಅಲ್ಟಿಮೇಟ್ ಡೂಮ್ ಬಿಲ್ಡರ್ ಎಂಬ ಎಡಿಟರ್ ಉಚಿತ. ಡೂಮ್ ಕೊಂಡಿಲ್ಲದಿದ್ದರೆ ಅದರ ಬದಲು ಫ್ರೀಡೂಮ್ ಬಳಸಬಹುದು. ಚಿತ್ರ, ಸದ್ದು, ಲೆವೆಲ್ ಎಲ್ಲವನ್ನೂ ಸ್ವಯಂಸೇವಕರು ಹೊಸದಾಗಿ ಮಾಡಿರೋ ಆಟ ಅದು.

ಪುಸ್ತಕದಿಂದ ಒಂದೇ ಒಂದು ನಿಯಮ ಆರಿಸಿ, ಒಂದು ವಾಕ್ಯದಲ್ಲಿ ಬರೆದಿಡಿ. ವಾಕ್ಯದಲ್ಲಿ ಹೇಳೋಕಾಗದಿದ್ದರೆ ಲೆವೆಲ್‌ನಲ್ಲೂ ಹೇಳೋಕಾಗಲ್ಲ. ಒಂದೇ ಕೋಣೆ ಕಟ್ಟಿ. ಪುಸ್ತಕ ಓದದ ಗೆಳೆಯನ ಕೈಗೆ ಕೊಟ್ಟು, ಏನೂ ಹೇಳದೆ ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ. ಅವನು ಎಲ್ಲಿ ನಿಂತ, ಎಲ್ಲಿ ಹೆದರಿದ, ಎಲ್ಲಿ ಬೇಜಾರಾಗಿ ಫೋನ್ ಕೆಳಗಿಟ್ಟ ನೋಡಿ. ನಿಯಮ ಅವನಿಗೆ ತಾನಾಗಿ ಅರ್ಥವಾದರೆ ಎರಡನೇ ಕೋಣೆಗೆ ಹೋಗಿ.

ಹಂಚುವ ಮುಂಚೆ ಗೇಮ್‌ನ ಷರತ್ತು ಓದಿ, ದುಡ್ಡು ಕೇಳಬೇಡಿ, ಪುಸ್ತಕದ ಹೆಸರನ್ನು ಶೀರ್ಷಿಕೆ ಮಾಡೋ ಬದಲು 'ಇಂಥ ಪುಸ್ತಕದಿಂದ ಪ್ರೇರಣೆ' ಅಂತ ಒಳಗೆ ಬರೆಯಿರಿ. ಡೂಮ್ ಲೋಕದಲ್ಲಿ ಇನ್ನೊಂದು ಒಳ್ಳೆ ಪದ್ಧತಿ ಇದೆ. ಹಂಚುವ ಪ್ರತಿ ಲೆವೆಲ್ ಜೊತೆ ಒಂದು ಸಣ್ಣ ಟೆಕ್ಸ್ಟ್ ಫೈಲ್ ಇಡ್ತಾರೆ. ಮಾಡಿದವರು ಯಾರು, ಯಾವ ಎಡಿಟರ್, ಇದರ ಮೇಲೆ ಬೇರೆಯವರು ಹೊಸದು ಕಟ್ಟಬಹುದೋ ಬೇಡವೋ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ತೊಂಬತ್ತರ ದಶಕದ ಲೆವೆಲ್‌ಗಳು ಇವತ್ತಿಗೂ ಸಿಗ್ತಾ ಇವೆ, ಅವನ್ನು ಬಳಸೋದು ಹೇಗೆ ಅಂತ ಗೊತ್ತಾಗ್ತಾ ಇದೆ ಅಂದ್ರೆ ಈ ಒಂದು ಪುಟದ ಪಾತ್ರ ದೊಡ್ಡದು. ನೀವೂ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಮುಂದೆ ಯಾರೋ ಒಬ್ಬರು ನಿಮ್ಮ ಕೋಣೆಯ ಪಕ್ಕ ಇನ್ನೊಂದು ಕೋಣೆ ಕಟ್ಟೋಕೆ ಬಂದಾಗ ಅವರಿಗೆ ನಿಮ್ಮ ಒಪ್ಪಿಗೆ ಅಲ್ಲೇ ಸಿಗಬೇಕು.

ಇವತ್ತಿಗೆ ಇಷ್ಟು. ನಿಮಗೆ ಇಷ್ಟವಾದ ಸೈ-ಫೈ ಪುಸ್ತಕದ ಒಂದೇ ಒಂದು ನಿಯಮ ಯಾವುದು ಅಂತ ಯೋಚನೆ ಮಾಡ್ತಾ ಇರಿ. ಈ ಸಂಚಿಕೆಯನ್ನು ಗೇಮ್ ಆಡೋ ಗೆಳೆಯರಿಗೂ ಪುಸ್ತಕ ಓದೋ ಗೆಳೆಯರಿಗೂ ಕಳಿಸಿ.